ಎರಡನೇ ರಿಮೋಟು

ಕಳೆದ ವರ್ಷದ ದಸರಾ ರಜೆಯಲ್ಲಿ ಅರಸೀಕೆರೆಯ ಅಣ್ಣನ ಮನೆಗೆ ಹೋಗಿದ್ದೆ. ನಾನು ಬೇಲೂರಿನ ಕಾಲೇಜಿನಲ್ಲಿ ಪಾಠ ಮಾಡುವವಳು. ದಿನಚರಿ ಬರೆಯುವ ಅಭ್ಯಾಸವಿರುವುದರಿಂದ, ಬರೆದಿಡದ ನೆನಪುಗಳನ್ನು ಅಷ್ಟಾಗಿ ನಂಬುವುದಿಲ್ಲ. ಆದರೂ ಒಂದನ್ನು ಮಾತ್ರ ಯಾವತ್ತೂ ಅನುಮಾನಿಸಿರಲಿಲ್ಲ. ಚಿಕ್ಕಂದಿನಲ್ಲಿ ನಾನೂ ಅಣ್ಣನೂ ಸೇರಿ ಒಂದು ಟೀವಿ ಗೇಮನ್ನು ಕೊನೆಯವರೆಗೂ ಆಡಿ ಗೆದ್ದಿದ್ದೆವು.

ಅದರಲ್ಲಿ ಕೆಂಪು ಬಟ್ಟೆ ತೊಟ್ಟು ಕತ್ತಿ ಹಿಡಿದ ಪುಟ್ಟ ವೀರನೊಬ್ಬ ಹಳ್ಳ ಹಾರುತ್ತಾ, ಗೋಡೆ ಹತ್ತುತ್ತಾ ಬಲಕ್ಕೆ ಓಡುತ್ತಲೇ ಇರುತ್ತಿದ್ದ. ಒಂದು ಕಡೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಅಗಲವಾದ ಕೊಳ ಬರುತ್ತಿತ್ತು. ಹಳೇಬೀಡಿಗೆ ಹೋದಾಗ ಅಪ್ಪ ತೋರಿಸಿದ್ದ ಕೊಳದ ನೆನಪಿನಲ್ಲಿ ನಾವು ಅದಕ್ಕೆ 'ಹುಲಿಕೆರೆ' ಎಂದು ಹೆಸರಿಟ್ಟಿದ್ದೆವು. ಬೀದಿಯ ಹುಡುಗರು ಆ ಕ್ಯಾಸೆಟ್ಟನ್ನು ತಮ್ಮ ಮನೆಗೆ ಒಯ್ದು ಆಡಿದರೆ ಅಲ್ಲೇ ಮುಳುಗಿ ಸಾಯುತ್ತಿದ್ದರು. ನಮ್ಮನೆಯಲ್ಲಿ ಅಣ್ಣ ಆಡಿದರೆ ಮಾತ್ರ ಮುಳುಗಿದ ವೀರ ಚಂಗನೆ ಮೇಲೆ ಬರುತ್ತಿದ್ದ. ಅಣ್ಣನಿಗೆ 'ಹುಲಿಕೆರೆ ಮಂಜ' ಎಂಬ ಹೆಸರೇ ಬಿತ್ತು. ಪಕ್ಕದಲ್ಲಿ ಗೇಮಿನ ಎರಡನೇ ರಿಮೋಟು ಹಿಡಿದು ಕೂತು ನಾನೂ ಆಡುತ್ತಿದ್ದೆ.

ಈ ಕಥೆಯನ್ನು ಊಟದ ಹೊತ್ತಿನಲ್ಲಿ ಹೇಳುತ್ತಿದ್ದಾಗ ಅಣ್ಣನ ಮಗಳು ಸಿಂಚನಾ ನಡುವೆ ಬಾಯಿ ಹಾಕಿದಳು. ಹಳೇ ಗೇಮುಗಳೆಂದರೆ ಅವಳಿಗೆ ಹುಚ್ಚು.

"ಅತ್ತೆ, ಅದು ಒಬ್ರೇ ಆಡೋ ಗೇಮು. ಎರಡನೇ ರಿಮೋಟು ಕೆಲಸಾನೇ ಮಾಡಲ್ಲ."

ಅಣ್ಣ ನಗು ತಡೆಯಲಾರದೆ ತಟ್ಟೆ ಕೆಳಗಿಟ್ಟ. "ನಂಗೆ ಆಗ್ಲೇ ಗೊತ್ತಿತ್ತು ಕಣೇ. ನೀನು ರಚ್ಚೆ ಹಿಡೀತಿದ್ದೆ. ಒಂದು ರಿಮೋಟು ಕೈಗೆ ಕೊಟ್ರೆ ತೆಪ್ಪಗೆ ಕೂರ್ತಿದ್ದೆ."

ನಾನೂ ನಕ್ಕೆ. ಹಾಗಾದರೆ ನಾನು ಆಡಿಯೇ ಇರಲಿಲ್ಲವೇ? ಅಷ್ಟು ಮಧ್ಯಾಹ್ನಗಳು ಸುಮ್ಮನೆ ಗುಂಡಿ ಒತ್ತುತ್ತಾ ಕೂತಿದ್ದೆನೇ?

ಸಿಂಚನಾ ಲ್ಯಾಪ್‌ಟಾಪನ್ನು ಟೀವಿಗೆ ಜೋಡಿಸಿ ಗೇಮ್ ಹಾಕಿದಳು. ರಿಮೋಟುಗಳೂ ಅವಳ ಬಳಿ ಎರಡಿದ್ದವು. ಅಣ್ಣ ಆಡಿದ. ನಾನು ಎಲ್ಲ ಗುಂಡಿಗಳನ್ನೂ ಒತ್ತಿ ನೋಡಿದೆ. ಏನೂ ಆಗಲಿಲ್ಲ. ಹುಲಿಕೆರೆಯಲ್ಲಿ ಅಣ್ಣನೂ ಮುಳುಗಿದ.

"ಅಭ್ಯಾಸ ತಪ್ಪೋಗೈತೆ," ಎಂದ.

ಆಗ ನನಗೊಂದು ವಿಷಯ ಹೊಳೆಯಿತು. "ಇದು ನಮ್ಮ ಕ್ಯಾಸೆಟ್ ಅಲ್ಲ ಕಣೋ. ನಮ್ದರಲ್ಲಿ ಇಂಗ್ಲಿಷೇ ಇರ್ಲಿಲ್ಲ. ಕಡ್ಡಿ ಜೋಡಿಸಿದ ಹಾಗೆ ಅಕ್ಷರ ಬರ್ತಿತ್ತು."

"ನಿನ್ನ ನೆನಪಾ! ವೀರನ ಬಟ್ಟೆ ಕೆಂಪು ಅಂತ ಈಗ ತಾನೇ ಅಂದ್ಯಲ್ಲ? ನಮ್ಮನೇಲಿದ್ದಿದ್ದು ಬ್ಲ್ಯಾಕ್ ಅಂಡ್ ವೈಟ್ ಟೀವಿ, ಮೇಡಮ್ಮೋರೆ!"

ಅಷ್ಟು ಸ್ಪಷ್ಟವಾಗಿ ಕಾಣುವ ಆ ಕೆಂಪನ್ನು ನಾನು ಎಲ್ಲಿಂದ ತಂದೆ?

ಆದರೆ ಸಿಂಚನಾಳಿಗೆ ಕುತೂಹಲ ಹುಟ್ಟಿತ್ತು. "ಇರಿ ಅಪ್ಪ, ಅತ್ತೆ ಹೇಳ್ತಿರೋದು ಜಪಾನಿನಲ್ಲಿ ಬಿಟ್ಟಿದ್ದು ಇರ್ಬೇಕು. ಒಂದೇ ಗೇಮನ್ನ ಒಂದೊಂದು ದೇಶಕ್ಕೆ ಒಂಚೂರು ಬದಲಾಯಿಸಿ ಬಿಡ್ತಿದ್ರು," ಎಂದು ಹುಡುಕಿ ಅದನ್ನೂ ಹಾಕಿದಳು. ಕಡ್ಡಿ ಜೋಡಿಸಿದಂಥ ಅಕ್ಷರಗಳು ಮೂಡಿದವು. ಅಣ್ಣ ಮತ್ತೆ ರಿಮೋಟು ಹಿಡಿದ.

ಮತ್ತೆ ಹುಲಿಕೆರೆ ಬಂತು. ಅಣ್ಣ ಹಾರಿದ. ಕಾಲು ಜಾರಿ ವೀರ ನೀರಿನೊಳಗೆ ಮಾಯವಾದ. ನನ್ನ ಹೆಬ್ಬೆರಳು ತಾನಾಗಿಯೇ ಎರಡನೇ ರಿಮೋಟಿನ ಬಲಗಡೆಯ ಬಾಣದ ಗುಂಡಿಯನ್ನು ಒತ್ತಿ ಹಿಡಿದಿತ್ತು. ವೀರ ಬಲಕ್ಕೆ ತಾನೇ ಹೋಗಬೇಕು! ಅಣ್ಣ ಹಾರುವ ಗುಂಡಿ ಕುಟ್ಟುತ್ತಲೇ ಇದ್ದ. ಕೊಳದ ತಳದಿಂದ ವೀರ ಚಂಗನೆ ಎದ್ದು ಆಚೆ ದಡದಲ್ಲಿ ನಿಂತ.

"ಏನ್ ಮಾಡ್ದೆ?"

"ಬಲಗಡೆ ಒತ್ತಿದೆ."

"ಬಿಡು, ನೋಡೋಣ."

ನಾನು ರಿಮೋಟನ್ನು ನೆಲದ ಮೇಲಿಟ್ಟೆ. ಅಣ್ಣ ಮತ್ತೆ ಅದೇ ಕೊಳಕ್ಕೆ ಬಂದು ಮುಳುಗಿದ. ಮತ್ತೆ ಆಡಿ, ಮತ್ತೆ ಮುಳುಗಿದ. ಅಷ್ಟರಲ್ಲಿ ಸಿಂಚನಾ ಮೊಬೈಲಿನಲ್ಲಿ ಓದಿ ಹೇಳಿದಳು: ಗೇಮ್ ಮಾಡಿದವರು ತಮ್ಮ ಪರೀಕ್ಷೆಗೆಂದು ಎರಡನೇ ರಿಮೋಟಿನಲ್ಲಿ ಬಲಗಡೆ ಒತ್ತಿ ಹಿಡಿದರೆ ವೀರ ಮುಳುಗಿದರೂ ಸಾಯದಂಥ ಒಂದು ಉಪಾಯ ಇಟ್ಟುಕೊಂಡಿದ್ದರಂತೆ. ಅದನ್ನು ತೆಗೆಯಲು ಮರೆತು ಜಪಾನಿನಲ್ಲಿ ಗೇಮನ್ನು ಮಾರಾಟಕ್ಕೆ ಬಿಟ್ಟುಬಿಟ್ಟರು. ಬೇರೆ ದೇಶಗಳಿಗೆ ಕಳಿಸುವಾಗ ತೆಗೆದರು.

"ಅಪ್ಪ, ಹುಲಿಕೆರೆ ಮಂಜ ನೀವಲ್ಲ, ಅತ್ತೆ!" ಎಂದು ಅವಳು ಬಿದ್ದು ಬಿದ್ದು ನಕ್ಕಳು.

ಅಣ್ಣ ನಗಲಿಲ್ಲ. ಬಾಲ್ಯದ ಅವನ ಒಂದೇ ಒಂದು ಬಿರುದು ಹೋಗಿತ್ತಲ್ಲ. ನನ್ನನ್ನು ಸುಮ್ಮನಿರಿಸಲು ಕೊಟ್ಟ ರಿಮೋಟೇ ತನ್ನನ್ನು ದಡ ಸೇರಿಸುತ್ತಿತ್ತೆಂದು ಅವನಿಗೂ ತಿಳಿದಿರಲಿಲ್ಲ, ನನಗೂ ತಿಳಿದಿರಲಿಲ್ಲ.

ಇದರಿಂದ ಎಲ್ಲವೂ ರುಜುವಾಯಿತೆಂದು ನಾನು ಹೇಳಲಾರೆ. ಆಗಲೂ ಪ್ರತಿಸಲ ಬಲಗಡೆಯೇ ಒತ್ತುತ್ತಿದ್ದೆನೋ ಏನೋ. ವೀರನ ಬಟ್ಟೆಯಂತೂ ನನಗೆ ಇವತ್ತಿಗೂ ಕೆಂಪಗೇ ಕಾಣುತ್ತದೆ.

ಆದರೆ ಸ್ವಲ್ಪ ಹೊತ್ತಿನ ಮೇಲೆ ಅಣ್ಣ ನೆಲದ ಮೇಲಿದ್ದ ರಿಮೋಟನ್ನು ಎತ್ತಿ ನನ್ನ ಕೈಗಿಟ್ಟ. ಆಟ ಮತ್ತೆ ಶುರುವಾಯಿತು. ಕೊಳದ ಅಂಚಿಗೆ ಬಂದ ವೀರ ಅಲ್ಲೇ ನಿಂತ. ಅಣ್ಣ ಟೀವಿಯಿಂದ ಕಣ್ಣು ತೆಗೆಯದೆ ಕೇಳಿದ:

"ಒತ್ತಿದೀಯೇನೇ?"

"ಹೂಂ," ಎಂದೆ. ಆಮೇಲೆಯೇ ಅವನು ಹಾರಿದ್ದು.