ಕನ್ನಡಕದಂಗಡಿಯವನ ಕಾಲ್ಗುಣ

ಕನ್ನಡಕದಂಗಡಿಯವನು ಹುಟ್ಟಿದ್ದು, ಬೆಳೆದದ್ದು, ಅಂಗಡಿಯಿಟ್ಟದ್ದು ಎಲ್ಲವೂ ಗಿರಣಿ ಕ್ಲಬ್ಬಿನ ಮೈದಾನದ ಹಿಂದಿನ ಬೀದಿಯಲ್ಲೇ. ಆದರೆ ಆ ಕ್ಲಬ್ಬಿನ ಫುಟ್‌ಬಾಲ್ ನೋಡಲು ಮನೆಯವರು ಅವನನ್ನು ಬಿಡುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ ಅವನು ಟೀವಿ ಮುಂದೆ ಕೂತಾಗಲೆಲ್ಲ ಗಿರಣಿಯವರು ಸೋತಿದ್ದರು. "ಇವರ ಕಾಲ್ಗುಣವೇ ಸರಿಯಿಲ್ಲ" ಎಂದು ಹೆಂಡತಿ ತೀರ್ಪು ಕೊಟ್ಟಳು. ಅಂದಿನಿಂದ ಆಟ ಶುರುವಾಗುತ್ತಲೇ ಭಾವಮೈದುನ ಅವನನ್ನು ತಾರಸಿಗೆ ಕಳಿಸಿ ಚಿಲಕ ಹಾಕುತ್ತಿದ್ದ.

ಮೊದಮೊದಲು ಅವಮಾನವಾಯಿತು. ಆಮೇಲೆ ಒಳಗೊಳಗೇ ಹೆಮ್ಮೆ ಬಂತು. ಇಡೀ ತಂಡವನ್ನು ಬರೀ ನೋಟದಿಂದ ಮಲಗಿಸಬಲ್ಲವರು ಊರಲ್ಲಿ ಇನ್ನೆಷ್ಟು ಜನ? ಗಿರಣಿಯವರು ಗೆದ್ದರೆ ಗಿರಾಕಿಗಳ ಮುಂದೆ, "ನಾನು ನೋಡ್ಲಿಲ್ವಲ್ಲ, ಅದಕ್ಕೇ" ಎಂದು ಗಂಭೀರವಾಗಿ ಹೇಳುತ್ತಿದ್ದ.

ಆ ವರ್ಷ ರಾಷ್ಟ್ರೀಯ ಕಪ್ಪಿನ ಫೈನಲ್ಲಿಗೆ ಗಿರಣಿ ಕ್ಲಬ್ಬೂ ಬಂದರಿನ ಕ್ಲಬ್ಬೂ ತಲುಪಿದವು. ಬಂದರಿನವರ ಅಭಿಮಾನಿ ಸಂಘದ ಮುಖಂಡ, ಒಬ್ಬ ಬೇಕರಿಯವನು, ಕನ್ನಡಕ ಮಾಡಿಸುವ ನೆಪದಲ್ಲಿ ಅಂಗಡಿಗೆ ಬಂದು ಟಿಕೆಟ್ಟೊಂದನ್ನು ಮೇಜಿನ ಮೇಲಿಟ್ಟ.

"ನಮ್ಮ ಜೊತೆ ಕೂತು ಗಿರಣಿಯವರನ್ನ ನೋಡ್ತಾ ಇದ್ರೆ ಸಾಕು ಸಾರ್. ಮಿಕ್ಕಿದ್ದು ತಾನಾಗೇ ಆಗುತ್ತೆ."

"ಛೆ ಛೆ, ಹುಟ್ಟಿದ ಬೀದಿಗೆ ದ್ರೋಹ ಮಾಡೋದಾ?" ಎಂದ ಕನ್ನಡಕದವನು. ಸ್ವಲ್ಪ ತಡೆದು, "ಸೀಟು ಮುಂದಿನ ಸಾಲಲ್ಲೇ ತಾನೇ?" ಎಂದು ಕೇಳಿದ.

ಫೈನಲ್ ದಿನ ಹೆಂಡತಿಗೆ, "ಅಂಗಡೀಲೇ ಇರ್ತೀನಿ, ನೀವು ನಿಶ್ಚಿಂತೆಯಾಗಿ ನೋಡಿ" ಎಂದು ಹೇಳಿ ಹೊರಟ. ಬಂದರಿನವರು ಅವನನ್ನು ಹೊಸ ಅಳಿಯನಂತೆ ಮೆತ್ತೆಯ ಮೇಲೆ ಕೂರಿಸಿ ಕೊಡೆ ಹಿಡಿದರು. ಅವರ ತಂಡ ಮೊದಲ ಗೋಲು ಹೊಡೆದಾಗ ಆಟಗಾರನಿಗಿಂತ ಹೆಚ್ಚು ಅಪ್ಪುಗೆ ಸಿಕ್ಕಿದ್ದು ಇವನಿಗೆ.

ವಿರಾಮದ ಬಳಿಕ ಗಿರಣಿಯವರು ಸರಿಸಮ ಮಾಡಿದರು. ಕೊಡೆ ಮಾಯವಾಯಿತು. ಇನ್ನೊಂದು ಗೋಲು ಹೊಡೆದರು. ಬೇಕರಿಯವನು ಮೆತ್ತೆಯನ್ನು ಎಳೆದುಕೊಂಡ.

"ಸರಿಯಾಗಿ ನೋಡ್ತಿದ್ದೀರಾ?"

"ಕಣ್ಣು ಮಿಟುಕಿಸದೆ ನೋಡ್ತಿದ್ದೀನಿ ಕಣ್ರೀ! ಸ್ವಲ್ಪ ತಡ್ಕೊಳ್ಳಿ!"

ತನ್ನ ಬೀದಿಯ ಹುಡುಗರು ಎಡವಿ ಬೀಳಲಿ ಎಂದು ಅವನು ಹಲ್ಲು ಕಚ್ಚಿ ದುರುಗುಟ್ಟಿದ. ಅವರು ಮೂರನೆಯದನ್ನೂ ಹೊಡೆದು ಕಪ್ ಎತ್ತಿದರು.

"ಇಷ್ಟೇನಾ ನಿಮ್ಮ ಯೋಗ್ಯತೆ?" ಎಂದು ಬೇಕರಿಯವನು ಎದ್ದು ಹೋದ.

ಇತ್ತ ಬೀದಿ ತುಂಬ ಕುಣಿತ. ಬಂದರಿನವರ ನಡುವೆ ಕೂತಿದ್ದ ಅವನ ಮುಖ ಟೀವಿಯಲ್ಲಿ ದೊಡ್ಡದಾಗಿ ಬಂದಿತ್ತಂತೆ. ಬೈಗುಳಕ್ಕೆ ಸಿದ್ಧನಾಗಿಯೇ ಮನೆಯೊಳಗೆ ಕಾಲಿಟ್ಟ. ಹೆಂಡತಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

"ನೀವು ಅಷ್ಟು ಕಣ್ಣು ಬಿಟ್ಕೊಂಡು ನೋಡಿದ್ರೂ ಗೆದ್ರಲ್ಲ! ಇಷ್ಟು ವರ್ಷ ಸುಮ್ನೆ ನಿಮ್ಮನ್ನ ಬಿಸಿಲಲ್ಲಿ ನಿಲ್ಲಿಸಿದ್ವಿ."

"ಇನ್ಮೇಲೆ ನೀವೂ ಇಲ್ಲೇ ಕೂತ್ಕೊಳ್ಳಿ ಭಾವ," ಎಂದ ಭಾವಮೈದುನ. "ನಿಮ್ಮಿಂದ ಏನೂ ಆಗಲ್ಲ."

ಅವನಿಗೆ ಅಂದು ಊಟ ಸೇರಲಿಲ್ಲ.

ಮುಂದಿನ ವರ್ಷ ಗಿರಣಿಯವರು ಮೊದಲ ಪಂದ್ಯದಲ್ಲೇ ಮಣ್ಣುಮುಕ್ಕಿದರು. ಸೋಫಾದ ತುದಿಯಲ್ಲಿದ್ದ ಅವನು ಆಸೆಯಿಂದ ಕೆಮ್ಮಿ, "ನಾನು ನೋಡ್ತಾ ಇದ್ದೆ" ಎಂದ. ಭಾವಮೈದುನ ಗೋಲ್‌ಕೀಪರನಿಗೆ ಶಾಪ ಹಾಕುವುದರಲ್ಲಿ ಮುಳುಗಿದ್ದ.

"ನೋಡಿದ್ದಾಯ್ತಲ್ಲ, ಆ ರಿಮೋಟ್ ಇತ್ತ ಕೊಡಿ" ಎಂದಳು ಹೆಂಡತಿ.