ಟಿಕೆಟ್ ಪುಟದಲ್ಲಿ ಬಂದ ಜರಡಿ

"ಅತ್ತೆ, ಇನ್ನೊಂದು ಅಡುಗೆ ಸಾಮಾನಿನ ಹೆಸರು ಹೇಳಿ. ಬೇಗ!"

"ಅಡುಗೆಮನೇನೇ ಖಾಲಿ ಮಾಡಿದೀಯಲ್ಲೇ. ಜರಡಿ ಬರೆದ್ಯಾ?"

"ಇಲ್ಲ! ಅದೇ ಸರಿ," ಎಂದು ಸೊಸೆ ಫೋನ್ ಇಟ್ಟಳು.

ನಾಟಕಮಂದಿರದ ವೆಬ್‌ಸೈಟ್ ನೋಡಿಕೊಳ್ಳುವ ಈ ಸೊಸೆಯನ್ನು ಅಲ್ಲಿ ಎಲ್ಲರೂ ಪಾತ್ರೆಯಕ್ಕ ಎನ್ನುತ್ತಿದ್ದರು. ಆಕೆ ಕೆಲಸಕ್ಕೆ ಸೇರಿದಾಗ, ಟಿಕೆಟ್ ಪುಟದಲ್ಲಿ ಏನಾದರೂ ಕೆಟ್ಟರೆ ಸರ್ವರ್ ತನ್ನ ಹೊಟ್ಟೆಯೊಳಗಿನದನ್ನೆಲ್ಲ ಕೊಳ್ಳುವವರ ಮುಂದೆ ಕಕ್ಕುತ್ತಿತ್ತು: ಯಾವ ಫೈಲು, ಎಷ್ಟನೇ ಸಾಲು, ಒಮ್ಮೊಮ್ಮೆ ಪಾಸ್‌ವರ್ಡ್ ಕೂಡ. ಬೀಗದ ಕೈಯನ್ನು ಬಾಗಿಲಿಗೇ ನೇತುಹಾಕಿದಂತೆ. ಆಕೆ ಮೊದಲು ಅದನ್ನು ನಿಲ್ಲಿಸಿದಳು. ಆಗ ಇನ್ನೊಂದು ಪೇಚು. ತಪ್ಪಾದರೆ ಬರೀ ಬಿಳಿ ಪುಟ. ಫೋನ್ ಮಾಡಿದವರು "ಏನೂ ಕಾಣ್ತಿಲ್ಲ" ಎನ್ನುವರು, ಈಕೆ ತಲೆ ಕೆರೆದುಕೊಳ್ಳುವಳು. ಕೊನೆಗೆ ಆ ಪುಟವನ್ನು ನಡೆಸುವ ಪ್ರೋಗ್ರಾಮಿನ ಪ್ರತಿ ಹಂತಕ್ಕೂ ಒಂದೊಂದು ಅಡುಗೆ ಸಾಮಾನಿನ ಹೆಸರಿಟ್ಟಳು. ತಪ್ಪಿನ ಪೂರ್ತಿ ವಿವರ ಸರ್ವರಿನೊಳಗೇ ಉಳಿಯುತ್ತಿತ್ತು. ಜನರಿಗೆ ಕಾಣುತ್ತಿದ್ದುದು ಇಷ್ಟೇ: "ತಪ್ಪು ನಮ್ಮದು. ದಯವಿಟ್ಟು ಫೋನ್ ಮಾಡಿ 'ಸೌಟು' ಎಂದು ಹೇಳಿ."

"ಇದೇನು ನಾಟಕಮಂದಿರಾನೋ ಪಾತ್ರೆ ಅಂಗಡೀನೋ?" ಎಂದು ಮ್ಯಾನೇಜರ್ ನಕ್ಕಿದ್ದೇ ನಕ್ಕಿದ್ದು. ಆದರೆ ಈ ವಾರ ಅವರಿಗೂ ನಗು ಕಡಿಮೆ. ಹೊಸ ನಾಟಕದ ಟಿಕೆಟ್ ಮಾರಾಟ ಎಡವಿದರೆ ಆ ಕೆಲಸವನ್ನೇ ಹೊರಗಿನ ಕಂಪನಿಗೆ ವಹಿಸುವುದೆಂದು ಆಡಳಿತ ಮಂಡಳಿ ಹೇಳಿತ್ತು. ಪಾತ್ರೆಯಕ್ಕನ ಕೆಲಸವೂ ಅದರ ಜೊತೆಗೇ ಹೋಗುತ್ತಿತ್ತು.

ಅದಕ್ಕೇ ಆಕೆ ಹೊಸ ಹಂತವೊಂದನ್ನು ಸೇರಿಸಿದ್ದಳು. ಮಾರಿದ ಸೀಟನ್ನು ಒಟ್ಟು ಸೀಟಿನಿಂದ ಭಾಗಿಸಿ, ರಂಗಮಂದಿರದ ಯಾವ ಭಾಗ ಎಷ್ಟು ಭರ್ತಿಯಾಗಿದೆಯೆಂದು ಅದು ಲೆಕ್ಕಹಾಕಿ ತೋರಿಸುತ್ತಿತ್ತು. ಅತ್ತೆ ಹೇಳಿದ ಜರಡಿ ಎಂಬ ಹೆಸರನ್ನು ಇಟ್ಟದ್ದು ಈ ಹಂತಕ್ಕೇ.

ಮಾರಾಟ ಶುರುವಾದದ್ದೇ ತಡ, ಪರದೆಯ ಮೇಲೆ ಮಾರಾಟವಾದ ಸೀಟುಗಳು ಒಂದೊಂದಾಗಿ ಕೆಂಪಾಗತೊಡಗಿದವು. ಅಷ್ಟರಲ್ಲಿ ಫೋನ್ ಬಂತು.

"ಜರಡಿ ಅಂತ ಬಂದಿದೆ ಕಣಮ್ಮ," ಎಂದಿತು ಒಂದು ಮುದಿ ದನಿ. "ನಾನು ಕೇಳಿದ್ದು ಟಿಕೆಟ್ಟು."

ಹಿಂದೆಯೇ ಇನ್ನೊಂದು ಫೋನ್, ಮತ್ತೊಂದು. ಎಲ್ಲರಿಗೂ ಜರಡಿಯೇ. ಮ್ಯಾನೇಜರ್ ಓಡಿ ಬಂದರು. "ಮುಚ್ಚಿಟ್ಟಿದ್ದು ಸಾಕು! ಮೊದಲಿನ ಹಾಗೆ ಎಲ್ಲಾ ತೋರಿಸಿಬಿಡು, ಯಾರಾದ್ರೂ ತಿಳಿದವರು ನೋಡಿ ಹೇಳ್ತಾರೆ!"

"ತಿಳಿದವರು ಹೇಳೋಕೆ ಮುಂಚೆ ಕಳ್ಳರು ನೋಡ್ತಾರೆ ಸರ್. ಎಲ್ಲಿ ಕೆಟ್ಟಿದೆ ಅಂತ ಗೊತ್ತಾಯ್ತು, ಸ್ವಲ್ಪ ಉಸಿರು ಬಿಡಿ." ಆಕೆ ಇನ್ನೂ ಕಾಯುತ್ತಿದ್ದ ಮೊದಲ ಫೋನಿನತ್ತ ತಿರುಗಿದಳು. "ಅಜ್ಜಿ, ನೀವು ಸೀಟು ಹುಡುಕಿದ್ದು ಕೆಳಗೋ ಮೇಲೋ?"

"ಮೇಲೆ. ಕೆಳಗೆ ಮುಂದಿನವರ ತಲೆ ಅಡ್ಡ ಬರುತ್ತೆ."

ಸರ್ವರಿನ ದಾಖಲೆಯಲ್ಲಿ ಜರಡಿಯ ಸಾಲುಗಳನ್ನಷ್ಟೇ ತೆರೆದಳು. ಎಲ್ಲದರಲ್ಲೂ ಒಂದೇ ದೂರು: ಸೊನ್ನೆಯಿಂದ ಭಾಗಿಸಲಾಗದು. ಮೇಲ್ಮಹಡಿಯ ಎಡಮೂಲೆಯಲ್ಲಿ ಒಟ್ಟು ಸೀಟು ಸೊನ್ನೆ!

ರಂಗಮಂದಿರದ ಬಾಗಿಲಿಗೆ ಓಡಿ ಕೂಗಿದಳು: "ಬೆಳಕಿನಣ್ಣಾ, ಮೇಲೆ ಎಡಮೂಲೆ ಕುರ್ಚಿಗಳೆಲ್ಲಿ?"

ರಂಗದ ದೀಪಗಳನ್ನು ನೋಡಿಕೊಳ್ಳುವ ಬೆಳಕಿನವನು ಏಣಿಯ ಮೇಲಿಂದ ಹೆಮ್ಮೆಯಿಂದ ಹೇಳಿದ: "ತೆಗೆಸಿದೆ, ನನ್ನ ಮೇಜು ಇಡಬೇಕಲ್ಲ! ಕಂಪ್ಯೂಟರಲ್ಲೂ ಸೊನ್ನೆ ಅಂತ ನಾನೇ ತಿದ್ದಿದೀನಿ. ನಿಂಗ್ಯಾಕೆ ತೊಂದರೆ ಅಂತ!"

"ನಿನ್ನ ಉಪಕಾರಕ್ಕೆ ಕೈ ಮುಗಿದೆ ಕಣಣ್ಣಾ!"

ತಪ್ಪು ತನ್ನದೂ ಇತ್ತು. ಕುರ್ಚಿಯೇ ಇಲ್ಲದ ಮೂಲೆಯೊಂದು ಇರಬಹುದೆಂದು ಆಕೆಗೆ ಹೊಳೆದಿರಲಿಲ್ಲ. ಸೀಟು ಸೊನ್ನೆಯಾದರೆ ಲೆಕ್ಕ ಹಾಕದೆ ಆ ಭಾಗವನ್ನು ದಾಟಿ ಹೋಗು ಎಂದು ಒಂದು ಸಾಲು ಬರೆದಳು. ಮೇಲ್ಮಹಡಿ ತೆರೆದುಕೊಂಡಿತು. ಮೊದಲ ಸೀಟು ಕೆಂಪಾಯಿತು.

"ಬಂತು!" ಎಂದು ಫೋನಿನಲ್ಲಿ ಅಜ್ಜಿ ಕಿರುಚಿದರು. "ಇನ್ನೂ ಯಾವ್ಯಾವ ಪಾತ್ರೆ ಇದೆಯಮ್ಮ?"

ಮ್ಯಾನೇಜರ್ ಕುರ್ಚಿಯೆಳೆದು ಪಕ್ಕದಲ್ಲೇ ಕೂತರು. ಕೊನೆಯ ಸಾಲೂ ಕೆಂಪಾದಾಗ ಅವರೇ ಆಡಳಿತ ಮಂಡಳಿಗೆ ಫೋನ್ ಹಚ್ಚಿದರು: "ಹೌಸ್‌ಫುಲ್. ಹೊರಗಿನ ಕಂಪನಿ ಬೇಡ. ನಮ್ಮ ಪಾತ್ರೆ ಅಂಗಡೀನೇ ಸಾಕು."

ಪಾತ್ರೆಯಕ್ಕನಿಗೆ ಕೂತಲ್ಲಿ ಕೂರಲಾಗಲಿಲ್ಲ; ಮನೆಗೆ ಫೋನ್ ಮಾಡಿದಳು. "ಅತ್ತೆ, ನಿಮ್ಮ ಜರಡಿ ನನ್ನ ಕೆಲಸ ಉಳಿಸ್ತು!"

"ಹಾಗಾದ್ರೆ ಬರುವಾಗ ಒಂದು ಜರಡಿ ತಗೊಂಡು ಬಾ. ಮನೇದು ತೂತಾಗಿದೆ."

"ಜರಡಿ ತೂತಾಗದೆ ಇನ್ನೇನಾಗುತ್ತೆ ಅತ್ತೆ?"