ಗೋಡೆಯೊಳಗಿನ ನೀರು

ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ನಮ್ಮ ಅಡುಗೆಮನೆಯ ಗೋಡೆ ಒದ್ದೆಯಾಗಿತ್ತು. ಮುಟ್ಟಿದರೆ ಸುಣ್ಣ ಬೆರಳಿಗೆ ಅಂಟುತ್ತಿತ್ತು. ಗದಗಿನಲ್ಲಿ ಬೆಳೆದ ನನಗೆ ಅದನ್ನು ನಂಬುವುದೇ ಕಷ್ಟವಾಯಿತು. ನಮ್ಮ ಕಡೆ ವಾರಕ್ಕೊಮ್ಮೆ ಓಣಿಯ ನಳಕ್ಕೆ ನೀರು ಬಂದಾಗ ಹಂಡೆ, ಕೊಡಗಳಿಗೆ ತುಂಬಿ ಮುಚ್ಚಿಡುತ್ತೇವೆ. ನೀರು ಎಷ್ಟಿದೆ, ಎಲ್ಲಿದೆ ಎಂದು ಕಣ್ಣಿಗೆ ಕಾಣುತ್ತದೆ. ಪಾಂಡವಪುರದಲ್ಲಿ ಅದು ಗೋಡೆಯೊಳಗೆ ಓಡಾಡುತ್ತದೆ.

ತೊಂಬತ್ತರ ದಶಕದ ನಡುವೆ ಇಲ್ಲಿನ ಶಾಲೆಗೆ ವರ್ಗವಾಗಿ ಬಂದ ನಾನು, ಗಂಡನೊಡನೆ ಈ ಪುಟ್ಟ ಮನೆ ಕೊಂಡಿದ್ದೆ. ನಳಕ್ಕೆ ಇಲ್ಲಿ ನಲ್ಲಿ ಎನ್ನುತ್ತಾರೆ, ಮಾಳಿಗೆಗೆ ತಾರಸಿ. ನಾನು ಬಾಯಿ ತೆರೆದರೆ ಅಂಗಡಿಯವರು ನಗುತ್ತಿದ್ದರು. ಹಾಗಾಗಿ ಮಾತೇ ಕಡಿಮೆಯಾಗಿತ್ತು.

ಒದ್ದೆ ಗೋಡೆಯ ಆಚೆಗೆ ಪುಟ್ಟತಾಯಮ್ಮನ ಮನೆ. ವಯಸ್ಸಾದ ಒಕ್ಕಲುತನದ ಹೆಂಗಸು. ಒಂದು ಬೆಳಿಗ್ಗೆ ಬಾಗಿಲಲ್ಲಿ ನಿಂತು ಅಂಗೈ ಚಾಚಿದರು. ಅಂಗೈಯಲ್ಲಿ ಮೊಳಕೆಯೊಡೆದ ರಾಗಿ.

"ನಿಮ್ಮನೆ ನೀರು ನಮ್ಮ ಗ್ವಾಡೆಗೆ ಇಳೀತಾ ಅದೆ ಕಣವ್ವ. ಬಿತ್ನೆ ರಾಗಿ ಮೂಟೆ ನೆಂದೋಗದೆ. ತೆನೆ ತೆನೆ ಆರಿಸಿ ಮಡಗಿದ್ದೆ."

"ನಮ್ಮ ನಳ ಎಲ್ಲಾ ಬಂದ್ ಅದಾವ್ರಿ" ಎಂದೆ. ದನಿ ಒರಟಾಯಿತು. ಅವರು ರಾಗಿಯನ್ನು ಮುಷ್ಟಿಯಲ್ಲಿ ಹಿಡಿದು ಹೊರಟುಹೋದರು. ದಿನವೂ ನನ್ನನ್ನು ಮಾತಾಡಿಸುತ್ತಿದ್ದವರು ಅವರೊಬ್ಬರೇ. ಆಮೇಲೆ ಕೆಲಸ ಮಾಡುವ ಮನಸ್ಸಾಗಲಿಲ್ಲ.

ಶ್ರೀರಂಗಪಟ್ಟಣದಿಂದ ಪ್ಲಂಬರ್ ರೆಹಮತ್ ಸಾಬರನ್ನು ಕರೆಸಿದೆವು. ಅವರು ಏನನ್ನೂ ಒಡೆಯಲಿಲ್ಲ. "ಎಲ್ಲ ನಲ್ಲಿ ಬಂದ್ ಮಾಡ್ಬುಡಿ ಅಕ್ಕ" ಎಂದು ತಾರಸಿಯ ಟ್ಯಾಂಕಿನೊಳಗೆ ನೀರಿನ ಮಟ್ಟಕ್ಕೆ ಮೊಳೆಯಿಂದ ಗೀರು ಹಾಕಿದರು. ಎರಡು ಗಂಟೆಯಲ್ಲಿ ನೀರು ಗೀರಿನಿಂದ ಕೆಳಗಿಳಿದಿತ್ತು. ಅಡುಗೆಮನೆಗೆ ಹೋಗುವ ಪೈಪಿನ ವಾಲ್ವು ಮುಚ್ಚಿ ಮತ್ತೆ ಗುರುತು ಮಾಡಿದರು. ಈ ಸಲ ನೀರು ಇಳಿಯಲಿಲ್ಲ; ಸೋರುತ್ತಿದ್ದುದು ಅಡುಗೆಮನೆಯ ಪೈಪೇ.

ಆಮೇಲಷ್ಟೇ ಗೋಡೆ ಕೆತ್ತಿದರು. ಪ್ಲಾಸ್ಟಿಕ್ ಪೈಪಿನಲ್ಲಿ ತುಕ್ಕು ಹಿಡಿದ ಒಂದು ಮೊಳೆ ನಾಟಿಕೊಂಡಿತ್ತು. ಅದರ ಸುತ್ತ ನೀರು ಒಸರುತ್ತಿತ್ತು. ಈ ಮನೆಗೆ ಬಂದ ವಾರವೇ ರೊಟ್ಟಿ ಬುಟ್ಟಿ ತೂಗುಹಾಕಲು ನಾನೇ ಹೊಡೆದ ಮೊಳೆ ಅದು. ನಮ್ಮೂರಿನ ಮಣ್ಣಿನ ಗೋಡೆಗೆ ಎಲ್ಲಿ ಬೇಕಾದರೂ ಹೊಡೆಯುತ್ತಿದ್ದೆ.

"ನಲ್ಲಿ ಮೇಲಿನ ಗೋಡೇಗೆ ಮೊಳೆ ಹೊಡೀಬ್ಯಾಡಿ, ಪೈಪು ಅಲ್ಲೇ ಇಳಿದಿರುತ್ತೆ" ಎಂದರು ಸಾಬರು. "ವಾಲ್ವ್‌ನ ತಿಂಗಳಿಗೊಂದ್ಸಲ ತಿರುಗಿಸ್ತಾ ಇರಿ. ಇಲ್ಲಾಂದ್ರೆ ಬೇಕಾದಾಗ ಕಚ್ಕೊಂಬುಡುತ್ತೆ."

ಅವರು ಪೈಪು ಜೋಡಿಸುತ್ತಿದ್ದಾಗಲೇ ಆ ಮೊಳೆ ಹಿಡಿದು ಪುಟ್ಟತಾಯಮ್ಮನ ಮನೆಗೆ ಹೋದೆ. ತಪ್ಪು ನನ್ನದು ಎಂದು ಹೇಳಿ ಅದನ್ನು ಅವರ ಕೈಗಿಟ್ಟೆ. ಅವರು ಮೊಳೆಯನ್ನು ತಿರುಗಿಸಿ ನೋಡಿದರು.

"ಬುಡವ್ವ, ಗೊತ್ತಿಲ್ದೆ ಆದದ್ದು. ಮೂಟೆ ತಳದ್ದು ದನದ ಪಾಲಾಯ್ತು. ಮ್ಯಾಲಿಂದು ಚೆಂದಾಗದೆ. ನಿನ್ ತಾರಸಿ ಮ್ಯಾಲೆ ಒಣಗಾಕನ ನಡಿ."

ಮೂರು ದಿನ ಇಬ್ಬರೂ ಸೇರಿ ರಾಗಿ ಹರವಿದೆವು, ಕೈಯಾಡಿಸಿದೆವು. ಆ ರಾಗಿ ಮಳೆಗಾಲದಲ್ಲಿ ಹೊಲದಲ್ಲಿ ಹುಟ್ಟಿತು. ನಲ್ಲಿಯ ವಾಷರು ಬದಲಿಸುವುದನ್ನು ನಾನು ಕಲಿತೆ, ಆಮೇಲೆ ಅವರ ಬಚ್ಚಲಿನದನ್ನೂ ನಾನೇ ಬದಲಿಸಿಕೊಟ್ಟೆ.

ದಸರಾ ರಜೆಗೆ ಗದಗಿಗೆ ಹೊರಟಾಗ ವಾಲ್ವು ಮುಚ್ಚಿ, ಬೀಗದ ಕೈ ಅವರಿಗೆ ಕೊಟ್ಟೆ. "ಊರಿಗೆ ಹೋಗಿ ಬರ್ತೀನಿ" ಎಂದೆ. "ಬಿರ್ರನೆ ಊರಿಗೆ ಬಂದ್ಬುಡವ್ವ" ಎಂದರು ಪುಟ್ಟತಾಯಮ್ಮ. ಗದಗಿನಲ್ಲಿ ಮೂರನೆಯ ದಿನ ಅವ್ವ ಕೇಳಿದಳು, "ಊರಿಗೆ ಯಾವಾಗ ಹೊಂಟಿ?" ಅವಳು ಊರು ಎಂದದ್ದು ಪಾಂಡವಪುರಕ್ಕೆ ಎಂಬುದು ತಿಳಿಯಲು ನನಗೆ ಒಂದು ಗಳಿಗೆ ಬೇಕಾಯಿತು.